ಸಿಹಿನೀರಿನ ಗೆರೆ

ಹಡಗನ್ನು ನಾನು ಕಣ್ಣಾರೆ ಕಂಡದ್ದು ಮದುವೆಯಾದ ಮೇಲೆ, ಬೊಂಬಾಯಿಯಲ್ಲಿ. ನನ್ನ ಯಜಮಾನರು ಅದರ ಹೊಗೆ ಕೊಳವೆಯ ಎತ್ತರ ತೋರಿಸುತ್ತಿದ್ದರೆ ನಾನು ಕಟ್ಟೆಯ ಅಂಚಿಗೆ ಬಗ್ಗಿ, ನೀರು ಮುಟ್ಟುವ ಜಾಗದಲ್ಲಿ ಏನನ್ನೋ ಹುಡುಕುತ್ತಿದ್ದೆ. "ವಾಟ್ ಆರ್ ಯು ಲುಕಿಂಗ್ ಫಾರ್? ಬಿದ್ದುಬಿಡ್ತೀಯ" ಎಂದು ಅವರು ಸೆರಗು ಹಿಡಿದೆಳೆದರು. ಅಷ್ಟರಲ್ಲಿ ಅದು ಕಂಡಿತು. ಒಂದು ದುಂಡು, ಅದರ ನಡುವೆ ಹಾದುಹೋದ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಸಣ್ಣ ಸಣ್ಣ ಗೆರೆಗಳು. ಅಪ್ಪ ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದು ಹಾಗೆಯೇ ಅಲ್ಲಿತ್ತು, ಒಂದಿಷ್ಟೂ ವ್ಯತ್ಯಾಸವಿಲ್ಲ. ಸಿಹಿನೀರಿನ ಗೆರೆ ಉಳಿದವುಗಳಿಗಿಂತ ಮೇಲೆ. ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ನನಗೆ ಅಳು ಬಂತು. ಯಜಮಾನರಿಗೆ ಕಾರಣ ಹೇಳಲಿಲ್ಲ. ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ.

ಅಪ್ಪ ಯುದ್ಧದ ಕಾಲದಲ್ಲಿ ಮೂರು ವರ್ಷ ಅದೇ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದರು. ಹಡಗಿಗೆ ಸರಕು ಏರುವಾಗ ನಿಂತು ನೋಡುವುದು, ಗೆರೆ ನೀರಿಗೆ ಮುಟ್ಟಿದ ಕೂಡಲೇ ಕೈಯೆತ್ತಿ "ಸ್ಟಾಪ್" ಅನ್ನುವುದು. ಅವರ ಕೈ ಎದ್ದಿತೆಂದರೆ ಕ್ರೇನೇ ನಿಲ್ಲುತ್ತಿತ್ತಂತೆ. ಆಮೇಲೆ ಊರ ಕಡೆಗೆ ಬಂದು ಓವರ್‌ಸಿಯರ್ ಆದರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹೀಗೆ ಆ ತಾಲ್ಲೂಕುಗಳಲ್ಲೇ ವರ್ಗದ ಮೇಲೆ ವರ್ಗ. ನಾನು ಹೇಳುತ್ತಿರುವುದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದ್ದು. ಆಗ ನಮ್ಮ ಕ್ವಾರ್ಟರ್ಸ್ ಇದ್ದದ್ದು ಹೇಮಾವತಿಯ ಅರಕಲಗೂಡಿನ ದಡದಲ್ಲಿ, ದೋಣಿ ದಾಟುವ ಕಡವಿಗೆ ಒಂದು ಫರ್ಲಾಂಗು. ಆಚೆ ದಡದಲ್ಲಿ ಲಾರಿ ರಸ್ತೆ. ಅದು ಹೊಳೆನರಸೀಪುರಕ್ಕೆ ಹೋಗಿ ಅಲ್ಲಿಂದ ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಕವಲಾಗುತ್ತಿತ್ತು. ನಾನು ಹಾಸನದಲ್ಲಿ ನನ್‌ಗಳ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದೆ. ರಜೆಗೆ ಮಾತ್ರ ಮನೆ.

ಬೋರ್ಡಿಂಗ್ ನನಗೆ ಒಗ್ಗಲೇ ಇಲ್ಲ. ವಾರಕ್ಕೊಂದು ಕಾಗದ ಇಂಗ್ಲಿಷಿನಲ್ಲಿ ಬರೆಯಬೇಕು, ಸಿಸ್ಟರ್ ಓದಿ ಅಂಟಿಸಬೇಕು. ಪ್ರತಿ ಕಾಗದದ ಕೊನೆಯಲ್ಲೂ ‘ಐ ವಾಂಟ್ ಟು ಕಮ್ ಹೋಮ್’ ಅಂತ ಬರೆಯುತ್ತಿದ್ದೆ. ಅಪ್ಪ ಆ ಕಾಗದವನ್ನೇ ಕೆಂಪು ಮಸಿಯಲ್ಲಿ ತಿದ್ದಿ, ತಮ್ಮ ಉತ್ತರದ ಜೊತೆ ವಾಪಸು ಕಳಿಸುತ್ತಿದ್ದರು. "ಹಾಸನಕ್ಕೆ ವರ್ಗ ಆಗಲಿ ಮಗಾ, ಆಗ ನೀನು ಮನೆಯಿಂದಲೇ ಸ್ಕೂಲಿಗೆ ಹೋಗುವಿಯಂತೆ" ಎಂದು ಉತ್ತರದಲ್ಲಿ ಇರುತ್ತಿತ್ತು. ನನ್ನ ಹ್ಯಾಂಡ್‌ರೈಟಿಂಗಿನ ಮೇಲೆ ಅವರಿಗೆ ಎಷ್ಟು ಅಭಿಮಾನವೆಂದರೆ, ರಜೆಗೆ ಹೋದಾಗಲೆಲ್ಲ ತಮ್ಮ ರಿಪೋರ್ಟುಗಳ ಫೇರ್ ಕಾಪಿ ನನ್ನಿಂದಲೇ ಬರೆಸುತ್ತಿದ್ದರು.

ಕಡವಿನ ದೋಣಿ ದೊಡ್ಡದು, ಅಗಲ ತಳದ್ದು. ಎತ್ತು ಬಿಚ್ಚಿದ ಗಾಡಿಯನ್ನೂ ಅದರ ಮೇಲೆ ದಾಟಿಸುತ್ತಿದ್ದರು. ಅದನ್ನು ನಡೆಸುತ್ತಿದ್ದ ಅಂಬಿಗನನ್ನು ನಾನು ದೋಣಿ ತಾತ ಅನ್ನುತ್ತಿದ್ದೆ. ತಾತ ಅನ್ನುವ ವಯಸ್ಸೇನಲ್ಲ, ಐವತ್ತಿರಬಹುದು. ತಲೆ ಮಾತ್ರ ಬೆಳ್ಳಗಾಗಿತ್ತು. ಎರಡು ದಡದ ಊರುಗಳವರೂ ಸುಗ್ಗಿಯಲ್ಲಿ ಅವನಿಗೆ ರಾಗಿ ಅಳೆದು ಕೊಡುತ್ತಿದ್ದರು. ಅದರಲ್ಲೇ ಇದ್ದದ್ದು ಕಷ್ಟ. ರಾಗಿ ಅಳೆದವನು ಕಡವಿಗೆ ಬಂದು ನಿಂತರೆ ದೋಣಿ ತುಂಬಿದೆ ಅನ್ನುವ ಹಾಗಿಲ್ಲ. ಅವನ ಅಪ್ಪನೂ ಅಂದವನಲ್ಲ, ಅಜ್ಜನೂ ಅಂದವನಲ್ಲ. ಸಂತೆಯ ದಿನ ದೋಣಿ ಅಂಚಿನವರೆಗೆ ಮುಳುಗಿಕೊಂಡು ದಾಟುವುದನ್ನು ನೋಡಿ ಅಪ್ಪ, "ಇದಕ್ಕೊಂದು ಗೆರೆ ಬೇಕು" ಅಂದರು.

ನನಗೆ ಹನ್ನೆರಡು ವರ್ಷ, ಬೇಸಿಗೆ ರಜೆ. ಅಪ್ಪ ದೋಣಿಗೆ ಮರಳಿನ ಮೂಟೆ ಏರಿಸುತ್ತ ಹೋದರು. ನೀರಿನ ಮೇಲೆ ಒಂದು ಗೇಣು ಹಲಗೆ ಉಳಿದಾಗ ಕೈಯೆತ್ತಿದರು. ಅಲ್ಲಿ, ಮುಂದೊಂದು ಹಿಂದೊಂದು, ಎರಡು ತಾಮ್ರದ ಮೊಳೆ ಹೊಡೆದರು. ಮೊಳೆಯಿಂದ ಮೊಳೆಗೆ ಬಿಳಿ ಬಣ್ಣದ ಗೆರೆ ಎಳೆದೆವು. ಡಬ್ಬ ಹಿಡಿದುಕೊಂಡವಳು ನಾನು.

"ನೋಡಯ್ಯ," ಅಂದರು ಅಪ್ಪ ಅಂಬಿಗನಿಗೆ, "ಈ ಗೆರೆ ನೆನೆಯೋ ಹಾಗಿಲ್ಲ. ನೆಂದರೆ ಇಳಿಸು. ಯಾರಾದರೂ ಸರಿ."

"ಯಾರಾರಾ ಸರಿಯಾ ಸಾ?"

"ನಾನಾದರೂ ಸರಿ."

ಅಂಬಿಗ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ತನ್ನ ಬಾಯಿಂದ ಹೇಳಲಾಗದ್ದನ್ನು ಹೇಳಲಿಕ್ಕೆ ಯಾರೋ ಒಬ್ಬರನ್ನು ಪಕ್ಕದಲ್ಲಿ ತಂದು ನಿಲ್ಲಿಸಿದಂತೆ ಅವನಿಗೆ ಆಗಿರಬೇಕು. ಅಂದಿನಿಂದ ಕಡವಿನಲ್ಲಿ ಅವನದು ಒಂದೇ ಪಲ್ಲವಿ: "ಗೆರೆ ನೆನೀತದೆ, ಇಳೀರಿ." ನನ್ನ ಎದುರಿಗೇ ಒಮ್ಮೆ ದಪ್ಪನೆಯ ಗೌಡರೊಬ್ಬರನ್ನು ತಡೆದ.

"ಲೇ, ನಾನು ಇಳೀಬೇಕೇನ್ಲಾ?" ಅಂದರು ಗೌಡರು.

"ನೀವಾರಾ ಇಳೀರಿ ಗೌಡ್ರೆ, ನಿಮ್ ಎಲ್ಡ್ ಮೂಟೆಯಾರಾ ಇಳಿಸ್ರಿ. ವಳೆಗೆ ಗೌಡ್ರ್ಯಾರು ಮೂಟೆ ಯಾವ್ದು ಗೊತ್ತಾಯ್ತದಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಗೌಡರೂ ಬೈಯುತ್ತಲೇ ಮೂಟೆ ಇಳಿಸಿದರು. ಆ ವರ್ಷ ಆಯುಧಪೂಜೆಗೆ ಅಂಬಿಗ ದೋಣಿ ತೊಳೆದು, ಹೂ ಮುಡಿಸಿ, ಕುಂಬಳಕಾಯಿ ಒಡೆದು, ತಾನೇ ಬಿಳಿ ಬಣ್ಣ ತಂದು ಮೊಳೆಯಿಂದ ಮೊಳೆಗೆ ಗೆರೆಯನ್ನು ಹೊಸದಾಗಿ ಬಳಿದ. ಹೆಂಗಸರು ಅದಕ್ಕೂ ಅರಿಸಿನ ಕುಂಕುಮ ಇಟ್ಟರು. ಅಪ್ಪ ನೋಡಿ, "ಬೊಂಬಾಯಲ್ಲಿ ಯಾವ ಹಡಗಿನ ಗೆರೆಗೂ ಈ ಮರ್ಯಾದೆ ಇರಲಿಲ್ಲ ಬಿಡು" ಎಂದು ನಕ್ಕರು. ನನಗೆ ಆ ದಿನ ಅಪ್ಪನಿಗಿಂತ ದೊಡ್ಡವರು ಯಾರೂ ಕಾಣಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕಡವಿನ ಗುತ್ತಿಗೆ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಸ್ಥರೊಬ್ಬರ ಕೈಗೆ ಹೋಯಿತು. ಅಂಬಿಗ ಅವನೇ ಉಳಿದ, ಯಜಮಾನಿಕೆ ಇವರದು. ಬಿಳಿ ಪಂಚೆ, ಕಂದು ಕೋಟು, ಯಾವಾಗಲೂ ಬಾಯಲ್ಲಿ ಏಲಕ್ಕಿ. ಒಂದು ದಿನ ಗೊನೆ ಎಳನೀರು ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತು ಅಂದರು:

"ಏನ್ ಸಾಮಿ ಓವರ್‌ಸೀರ್ ಸಾಹೇಬ್ರೆ, ನಿಮ್ ಗೆರೆ ನನ್ ಲಾರೀನ ಆಚೆ ದಡದಾಗೆ ಕಾಯಂಗ್ ಮಾಡ್ತಲ್ಲ! ಮೂರು ಸಾರಿ ದಾಟ್ಸೋ ಕಾಯಿನ ಐದು ಸಾರಿ ದಾಟಿಸ್ತಾನೆ ಆ ನನ್ಮಗ. ಕೇಳಿದ್ರೆ ಗೆರೆ ಅಂತಾನೆ."

"ಗೆರೆ ಗೆರೆಯೇ" ಅಂದರು ಅಪ್ಪ.

"ಅಲ್ಲ ಅಂದೆನಾ? ಗೆರೆ ಇರ್ಲಿ. ಒಂದ್ ನಾಕ್ ಬೆಳ್ಳು ಮ್ಯಾಲಿರ್ಲಿ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಈ ಕೂಸೇ ಅಲ್ವಾ ಹಾಸನ್ದಾಗೆ ಓದಾದು? ಪಾಪ, ಮನೆ ಬಿಟ್ಟಿರ್ಬೇಕಲ್ಲ. ಹಾಸನಕ್ಕೊಂದು ಜಾಗ ಕಾಲಿ ಆಯ್ತದಂತೆ. ಮ್ಯಾಲಿನೋರ್ ಕಿವಿಗೆ ಒಂದ್ ಮಾತು ಹಾಕ್ಬೋದು ನಾನು" ಅಂದರು.

ಈ ಎರಡು ಮಾತು ಒಂದರ ಪಕ್ಕದಲ್ಲಿ ಒಂದು ಕೂತಿದ್ದವೆಂದು ಆಗ ನನಗೆ ಹೊಳೆಯಲಿಲ್ಲ. ಹಾಸನಕ್ಕೆ ಜಾಗ ಅನ್ನುವುದಷ್ಟೇ ಕಿವಿಗೆ ಬಿತ್ತು. ಒಳಗೆ ಹೋಗಿ ಅವ್ವನ ಸೊಂಟ ತಬ್ಬಿಕೊಂಡು ಕುಣಿದೆ.

ಎರಡು ದಿನ ಅಪ್ಪ ಕಡವಿನ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು, ನನ್ನನ್ನು ಕರೆದು, ಪೆನ್ಸಿಲಿನಲ್ಲಿ ಹಡಗಿನ ಚಿತ್ರ ಬರೆದರು. ದುಂಡು, ಅಡ್ಡಗೆರೆ, ಪಕ್ಕದಲ್ಲಿ ಮೆಟ್ಟಿಲು.

"ನೋಡು ಮಗಾ, ಹಡಗಿಗೆ ಒಂದೇ ಗೆರೆ ಅಲ್ಲ. ಚಳಿಗಾಲದ ಸಮುದ್ರಕ್ಕೆ ಒಂದು, ಬೇಸಿಗೆಗೆ ಒಂದು. ಸಿಹಿನೀರಿನಲ್ಲಿ ನಿಂತು ಸರಕು ತುಂಬೋ ಹಡಗಿಗೆ ಇದು. ಎಲ್ಲಿದೆ ನೋಡು?"

"ಮೇಲಿದೆ ಅಪ್ಪ."

"ಮೇಲಿದೆ ಅಲ್ವಾ? ನಮ್ಮದು ಯಾವ ನೀರು?"

"ಸಿಹಿನೀರು!"

"ಹಾಗಾದರೆ ನಮ್ಮ ಗೆರೆ ಎಲ್ಲಿರಬೇಕು?" ಅಂದರು. ನನಗೆ ಲೆಕ್ಕದ ಉತ್ತರ ಹೊಳೆದಷ್ಟು ಖುಷಿಯಾಯಿತು. "ಈ ಚಿತ್ರ ತಗೊಂಡು ಹೋಗಿ ಅಂಬಿಗನಿಗೆ ನೀನೇ ಹೇಳು. ನಾನು ಹೇಳಿದರೆ ಏನೇನೋ ಅಂದುಕೋತಾನೆ. ನಿನ್ನ ಮಾತು ನಂಬ್ತಾನೆ."

ಕೊನೆಯ ಆ ಮಾತನ್ನು ಅರವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ತಿರುವಿ ತಿರುವಿ ನೋಡಿದ್ದೇನೆ. ಆಗ ಅದು ಹೊಗಳಿಕೆ ಅನ್ನಿಸಿತ್ತು.

ಓಡಿದೆ. ಅಂಬಿಗ ದೋಣಿಯ ಬಿರುಕಿಗೆ ನಾರು ತುರುಕಿ ರಾಳ ಮೆತ್ತುತ್ತಿದ್ದ. ಮರಳಿನ ಮೇಲೆ ಕಾಗದ ಹರಡಿ ಟೀಚರಂತೆ ಎಲ್ಲ ವಿವರಿಸಿದೆ. ಅವನು ಕುಕ್ಕರುಗಾಲಲ್ಲಿ ಕೂತು, ರಾಳದ ಕೈ ಕಾಗದಕ್ಕೆ ತಗುಲದಂತೆ ಹಿಂದಕ್ಕೆ ಕಟ್ಟಿಕೊಂಡು ಕೇಳಿದ.

"ಈ ಅಡಗು ಎಲ್ಲಿಗ್ ಓಯ್ತದೆ ಚಿಕ್ಕಮ್ಮೋರೆ?"

"ಸಮುದ್ರಕ್ಕೆ."

"ಸಿಹಿನೀರಾಗೆ ತುಂಬ್ಕಂಡು ಸಮುದ್ರುಕ್ ಓಯ್ತದೆ. ನಮ್ ದೋಣಿ ಸಮುದ್ರುಕ್ ಓಗಾಕಿಲ್ವಲ್ಲ. ಇಲ್ಲಿಂದ್ ಅಲ್ಲಿಗೆ, ಅಲ್ಲಿಂದ್ ಇಲ್ಲಿಗೆ."

ಅಕ್ಷರ ಕಲಿಯದ ಆ ಮನುಷ್ಯ ಕೇಳಬೇಕಾದ್ದನ್ನೇ ಕೇಳಿದ್ದ. ಮತ್ತೆ ಮನೆಗೆ ಓಡಿದೆ. ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಿಂದ ಮುಖ ತಿರುಗಿಸದೆ, "ಈ ನೀರೂ ಸಮುದ್ರಕ್ಕೇ ಹೋಗೋದಲ್ವೇನೋ ಅಂತ ಕೇಳು" ಅಂದರು. ಅದನ್ನೂ ಹೊತ್ತುಕೊಂಡು ಹೋಗಿ ಒಪ್ಪಿಸಿದೆ. ಅಂಬಿಗ ನಕ್ಕುಬಿಟ್ಟ.

"ಅದೂ ದಿಟ್ವೇ ಅನ್ನಿ. ಓದ್ದೋರು ನೀವು. ಸಾಹೇಬ್ರು ಮ್ಯಾಲಕ್ ಒಡುದ್ರೆ ಮ್ಯಾಲಕ್ ಬಳೀತೀನಿ ಬುಡಿ."

ಮರುದಿನ ಅಪ್ಪ ತಾವೇ ಹೋಗಿ ತಾಮ್ರದ ಮೊಳೆಗಳನ್ನು ಕಿತ್ತು, ಹಳೆಯ ತೂತುಗಳಿಗೆ ಮೇಣ ತುಂಬಿ, ನಾಲ್ಕು ಬೆರಳು ಮೇಲೆ ಹೊಡೆದರು. ಈ ಸಲ ಮರಳಿನ ಮೂಟೆ ಏರಿಸಿ ನೋಡಲಿಲ್ಲ. ಒಂದು ಗೇಣು ಇದ್ದ ಜಾಗದಲ್ಲಿ ಉಳಿದದ್ದು ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು.

ಜೂನಿನಲ್ಲಿ ಸ್ಕೂಲು ಶುರುವಾಯಿತು. ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಂದು ದಿನ ಎರಡು ಗಾಜಿನ ಲೋಟ ತಂದು, ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಉಪ್ಪುನೀರು ತುಂಬಿ, ಎರಡಕ್ಕೂ ಒಂದೊಂದು ಕೋಳಿಮೊಟ್ಟೆ ಬಿಟ್ಟರು. ಬರಿಯ ನೀರಿನದು ತಳ ಸೇರಿತು. ಉಪ್ಪುನೀರಿನದು ತೇಲಿತು. "ನೌ ಗರ್ಲ್ಸ್, ಥಿಂಕ್ ಆಫ್ ಎ ಶಿಪ್" ಅಂದರು. ನನಗೆ ನೆನಪಾದದ್ದು ನಮ್ಮ ದೋಣಿ. ಸಿಹಿನೀರು ಹಡಗನ್ನು ಎತ್ತಿ ಹಿಡಿಯುವುದು ಕಮ್ಮಿ. ಸಮುದ್ರ ಮುಟ್ಟಿದ ಮೇಲೆ ಹಡಗು ತಾನೇ ಮೇಲಕ್ಕೇಳುತ್ತದೆ ಎಂಬ ಭರವಸೆಯ ಮೇಲೆ ಹಡಗುಕಟ್ಟೆಯಲ್ಲಿ ಆ ನಾಲ್ಕು ಬೆರಳು ಸಾಲ ಕೊಟ್ಟಿರುತ್ತಾರೆ, ಅಷ್ಟೇ. ಎಂದೂ ಸಮುದ್ರ ಮುಟ್ಟದ ದೋಣಿಗೆ ಆ ಸಾಲ ತೀರುವುದು ಯಾವಾಗ?

ಆ ವಾರದ ಕಾಗದದಲ್ಲಿ ಬೇರೇನೂ ಬರೆಯಲಿಲ್ಲ. ಡಿಯರ್ ಫಾದರ್, ನಾವು ತಪ್ಪು ಮಾಡಿದ್ದೇವೆ ಅನ್ನಿಸುತ್ತದೆ ಎಂದು ಶುರುಮಾಡಿ ಮೊಟ್ಟೆಯ ಚಿತ್ರ, ದೋಣಿಯ ಚಿತ್ರ ಎಲ್ಲ ಬರೆದು, ಮಳೆಗಾಲಕ್ಕೆ ಮುಂಚೆ ಮೊಳೆ ಇಳಿಸಿಬಿಡಿ ಎಂದು ಕೇಳಿಕೊಂಡೆ. ಹತ್ತು ದಿನಕ್ಕೆ ಕಾಗದ ವಾಪಸು ಬಂತು. ಕೆಂಪು ಮಸಿಯಲ್ಲಿ ಎರಡು ಸ್ಪೆಲ್ಲಿಂಗ್ ತಿದ್ದಿದ್ದರು. ಅಂಚಿನಲ್ಲಿ ‘ವೆರಿ ನೀಟ್’ ಎಂದಿತ್ತು. ಜೊತೆಗಿದ್ದ ಉತ್ತರದಲ್ಲಿ ಅವ್ವನ ಕೆಮ್ಮು, ಎಮ್ಮೆ ಕರು ಹಾಕಿದ್ದು, ಹಾಸನದ ವರ್ಗದ ಮಾತು ನಡೆಯುತ್ತಿರುವುದು ಇತ್ತು. ಗೆರೆಯ ಬಗ್ಗೆ ಒಂದಕ್ಷರವಿಲ್ಲ. ಆದರೆ ಅವರು ಓದಿದ್ದರು, ಕೊನೆಯ ಸಾಲಿನವರೆಗೂ. ಎರಡನೆಯ ತಪ್ಪು ಇದ್ದದ್ದು ಕೊನೆಯ ಸಾಲಿನಲ್ಲೇ.

ದಸರಾ ರಜೆಗೆ ಬಂದ ದಿನವೇ ಕೇಳಿದೆ. "ನೋಡೋಣ" ಅಂದರು. ಆಯುಧಪೂಜೆಗೆ ಅಂಬಿಗ ಹೊಸ ಮೊಳೆಯಿಂದ ಹೊಸ ಮೊಳೆಗೆ ಗೆರೆ ಬಳಿದ. ನಾನು ದಡದಲ್ಲಿ ನಿಂತಿದ್ದೆ. ಅವನಿಗಾದರೂ ಹೇಳಬಹುದಿತ್ತು. ಅಪ್ಪ ನೋಡೋಣ ಅಂದಿದ್ದಾರಲ್ಲ, ನೋಡುತ್ತಾರೆ ಅಂದುಕೊಂಡೆ. ನಮ್ಮ ಕಾಲದಲ್ಲಿ ಅಪ್ಪ ನೋಡೋಣ ಅಂದರೆ ಮಕ್ಕಳು ಅದರ ಮೇಲೆ ಮಾತಾಡುತ್ತಿರಲಿಲ್ಲ.

ಅದಾದ ಮೂರನೆಯ ದಿನ ಮಧ್ಯಾಹ್ನ, ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ಅವ್ವ, "ಇದೇನೇ ಇದು, ಹೊಳೆ ತುಂಬ ಕಾಯಿ!" ಎಂದು ಕೂಗಿದಳು. ಹೊಳೆಯ ನಡುವೆ ನೂರಾರು ತೆಂಗಿನಕಾಯಿ ತೇಲುತ್ತಿದ್ದವು. ಕಾಯಿಗಳ ನಡುವೆ ತಲೆಗಳು. ಕಡವಿನ ಕಡೆಯಿಂದ ಹೆಂಗಸರ ಚೀರಾಟ.

ದೋಣಿ ಮಗುಚಿರಲಿಲ್ಲ. ಕಾಯಿ ಹೇರಿಕೊಂಡು, ಜೊತೆಗೆ ಜನವನ್ನೂ ಕೂರಿಸಿಕೊಂಡು ನಡುಹೊಳೆಗೆ ಬಂದಾಗ ಗಾಳಿ ಎದ್ದಿತು. ಅಲೆಯೊಂದು ಅಂಚು ದಾಟಿ ಒಳಗೆ ಬಂತು. ಕಾಲು ನೆಂದವರು ಎದ್ದು ನಿಂತರು, ದೋಣಿ ವಾಲಿತು, ಇನ್ನೊಂದು ಅಲೆ ಬಂತು. ಹಾಗೇ ನೀರು ತುಂಬಿಕೊಂಡು ಅಂಚಿನವರೆಗೆ ಕುಸಿಯಿತು. ಸಿಪ್ಪೆಯ ಕಾಯಿಗಳು ತೇಲಿದ್ದೇ ಜನರ ಪುಣ್ಯ. ಬಗಲಿಗೊಂದು ಅವಚಿಕೊಂಡವರನ್ನೆಲ್ಲ ಅಂಬಿಗ ಈಜಿ ಈಜಿ ಮರಳುದಿಣ್ಣೆಗೆ ಎಳೆದು ಹಾಕಿದ. ಯಾರೂ ಸಾಯಲಿಲ್ಲ. ಒಬ್ಬ ಮುದುಕಿಯ ತೊಡೆಯ ಮೂಳೆ ಮುರಿಯಿತು, ಅವಳು ಮತ್ತೆ ನಡೆಯಲಿಲ್ಲ. ಕೆಳಗಿನ ಊರುಗಳವರು ಮೂರು ದಿನ ಕಾಯಿ ಆರಿಸಿಕೊಂಡರು. ಅದಿಷ್ಟೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನೀರು ಕುಡಿದವರಲ್ಲಿ ದೊಡ್ಡ ಅಧಿಕಾರಿಯೊಬ್ಬರ ಷಡ್ಡಕರೂ ಇದ್ದರು, ಅವರ ಹೆಂಡತಿಯ ರೇಷ್ಮೆ ಸೀರೆಗಳ ಟ್ರಂಕು ಹೊಳೆ ಪಾಲಾಗಿತ್ತು. ಆದ್ದರಿಂದ ವಿಚಾರಣೆ ಆಯಿತು.

ಹಾಸನದಿಂದ ಇಂಜಿನಿಯರು ಬಂದು ದೋಣಿ ನೋಡಿ, ಹೊಳೆನರಸೀಪುರದ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಕೂತರು. ಸ್ಟೇಟ್‌ಮೆಂಟು ಆ ದಿನವೇ ಇಂಗ್ಲಿಷಿನಲ್ಲಿ ಆಗಬೇಕೆಂದು ಅಪ್ಪ ಫೇರ್ ಕಾಪಿ ಬರೆಯಲಿಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಕೂದಲಿಗೆ ನೀಲಿ ರಿಬ್ಬನ್ ಕಟ್ಟಿ, ಶೂಸ್ ಹಾಕಿ, ಮೂಲೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ಗುತ್ತಿಗೆದಾರರು ಕಂಬಕ್ಕೆ ಒರಗಿ ಏಲಕ್ಕಿ ಜಗಿಯುತ್ತಿದ್ದರು. ಅಂಬಿಗ ಟವೆಲ್ ಸೊಂಟಕ್ಕೆ ಸುತ್ತಿಕೊಂಡು ನಿಂತಿದ್ದ. ತಪ್ಪು ಅವನದಾದರೆ ಕಡವು ಹೋಗುತ್ತದೆ, ಮೂರು ತಲೆಮಾರಿನದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಈ ಸಲ ಗೆರೆ ಬಳಿದವನು ಯಾರು?" ಅಂದರು ಇಂಜಿನಿಯರು.

"ನಾನೇ ಸಾ. ಆಯುಧಪೂಜೇಲಿ ನಾನೇ ಬಳ್ಯಾದು. ಮೊಳೆಯಿಂದ ಮೊಳೆಗೆ."

"ಮೊಳೆ ಹೊಡೆದವರು?"

ಅಂಬಿಗ ಅಪ್ಪನ ಮುಖ ನೋಡಿದ. ಅವರೇ ಹೇಳಲಿ ಎಂದು ಕಾದ. ಅಪ್ಪ ಹೇಳಿದರು:

"ಮೊದಲು ಹೊಡೆದದ್ದು ನಾನೇ ಸಾರ್, ಹೋದ ವರ್ಷ. ಅದರ ತೂತು ಕೆಳಗಿದೆ, ತಾವೇ ನೋಡಿದಿರಿ. ಅದನ್ನು ಕಿತ್ತು ಮೇಲೆ ಹೊಡೆದದ್ದು ಯಾರು ಅನ್ನೋದು ಪ್ರಶ್ನೆ."

"ನೀವೇಯಾ ಸಾಮಿ!" ಅಂಬಿಗ ಒಂದು ಹೆಜ್ಜೆ ಮುಂದೆ ಬಂದ. "ಈ ಬ್ಯಾಸ್ಗೇಲಿ! ಚಿಕ್ಕಮ್ಮೋರು ಬಂದು ಯೋಳುದ್ರು, ಸಿಹಿನೀರ್ ಗೆರೆ ಮ್ಯಾಲಿರ್ತದೆ, ಅಡಗಿಗೂ ಇಂಗೇಯ ಅಂತ. ಮಾರ್ನೇ ದಿನ ನೀವ್ ಬಂದು ಒಡುದ್ರಿ. ಕೇಳಿ ಬೇಕಾರೆ ಸಾ, ಅಲ್ಲೇ ಕುಂತವ್ರೆ."

"ಅಡಗಂತೆ! ಕಡವಿನೋನ್ಗೆ ಅಡಗು ಬ್ಯಾರೆ ಕೇಡು" ಅಂದರು ಗುತ್ತಿಗೆದಾರರು. ಇಂಜಿನಿಯರ ಜೊತೆ ಬಂದಿದ್ದ ಗುಮಾಸ್ತ ನಕ್ಕ. ಇಂಜಿನಿಯರು ನಗಲಿಲ್ಲ. ನನ್ನ ಕಡೆ ತಿರುಗಿದರು.

"ಕಮ್ ಹಿಯರ್, ಚೈಲ್ಡ್. ಡಿಡ್ ಯು ಟೆಲ್ ಹಿಮ್ ದಟ್?"

ನಾನು ಎದ್ದೆ. ಸುಳ್ಳು ಹೇಳುವ ಯೋಚನೆಯೇ ನನಗೆ ಬರಲಿಲ್ಲ. "ಯೆಸ್, ಸರ್" ಅಂದೆ ಗಟ್ಟಿಯಾಗಿ. ಅಂಬಿಗನ ಮುಖ ಅರಳಿದ್ದು ಕಂಡಿತು. ಮುಂದಿನ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು: ಹೇಳಿ ಕಳಿಸಿದ್ದು ಅಪ್ಪ.

ಅಷ್ಟರಲ್ಲಿ ಅಪ್ಪ ನಕ್ಕರು. ಬೆಚ್ಚಗಿನ, ಮನೆಯವರ ಎದುರು ನಗುವ ನಗೆ. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟು ಇಂಗ್ಲಿಷಿನಲ್ಲಿ ಹೇಳಿದರು: ನೋಡಿದಿರಾ ಸಾರ್, ವಿಷಯ ಇಷ್ಟೇ. ನಾನು ಮಗಳಿಗೆ ಹಡಗಿನ ಕತೆ ಹೇಳ್ತಿರ್ತೀನಿ. ಅವಳು ಹೋಗಿ ಇವನ ಮುಂದೆ ಟೀಚರ್ ಆಟ ಆಡಿದಾಳೆ. ಇವನು ಮಗುವಿನ ಮಾತು ಕಟ್ಟಿಕೊಂಡು ಮೊಳೆ ಕಿತ್ತು ಮೇಲೆ ಹೊಡಕೊಂಡಿದಾನೆ.

ಇಂಜಿನಿಯರು ಒರಗಿ ಕೂತರು. ಗಂಟು ಬಿಚ್ಚಿಕೊಂಡಿತೆಂಬ ಸಮಾಧಾನ ಅವರ ಮುಖದಲ್ಲಿತ್ತು. ನನ್ನ ಬಾಯಿ ತೆರೆದೇ ಇತ್ತು. ಅಪ್ಪನ ಕೈ ರಿಬ್ಬನ್ನಿನ ಮೇಲೆ ಸುಮ್ಮನೆ ಇತ್ತು, ಒತ್ತಲಿಲ್ಲ. ಒತ್ತಿದ್ದರೆ ಹೇಳುತ್ತಿದ್ದೆನೇನೋ. ಅಂಬಿಗ ನನ್ನ ಮುಖ ನೋಡುತ್ತಿರಲಿಲ್ಲ. ಆ ಕೈಯನ್ನು ನೋಡುತ್ತಿದ್ದ. ಆಮೇಲೆ ಹೆಬ್ಬೆಟ್ಟು ಒತ್ತು ಅಂದ ಕಡೆ ಒತ್ತಿದ.

ಮಧ್ಯಾಹ್ನ ಅದೇ ಜಗಲಿಯಲ್ಲಿ ಕೂತು ಫೇರ್ ಕಾಪಿ ಬರೆದೆ. ಹೌದು, ನಾನೇ ಬರೆದೆ. ಕಡವಿನ ಅಂಬಿಗ ತನ್ನ ಅಜ್ಞಾನದಿಂದ, ಮಗುವೊಂದರ ‘ಇನೊಸೆಂಟ್ ಪ್ರ್ಯಾಟಲ್’ ನಂಬಿ, ಮಂಜೂರಾದ ಗುರುತನ್ನು ತಾನೇ ಬದಲಿಸಿದನು ಎಂಬ ವಾಕ್ಯ ಅದರಲ್ಲಿತ್ತು. ಪ್ರ್ಯಾಟಲ್ ಅಂದರೆ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನನ್ನ ಟ್ರಂಕಿನಿಂದ ಸ್ಕೂಲ್ ಡಿಕ್ಷನರಿ ತೆಗೆದು ನೋಡಿದೆ. ಅರ್ಥವಿಲ್ಲದ ಮಕ್ಕಳ ಹರಟೆ. ಮೊಟ್ಟೆಯ ಚಿತ್ರವಿದ್ದ ಕಾಗದ ಅದೇ ಟ್ರಂಕಿನಲ್ಲಿತ್ತು, ಕೆಂಪು ಮಸಿಯ ‘ವೆರಿ ನೀಟ್’ ಸಮೇತ. ತೆಗೆದುಕೊಂಡು ಹೋಗಿ ಯಾರಿಗೆ ತೋರಿಸಲಿ? ಅವ್ವನಿಗೆ ಓದಲು ಬರುತ್ತಿರಲಿಲ್ಲ. ಇದ್ದದ್ದನ್ನು ಬಾಯಲ್ಲೇ ಹೇಳಿದೆ. ಅವಳು ಮೊರದಲ್ಲಿದ್ದ ಅಕ್ಕಿಯಿಂದ ತಲೆಯೆತ್ತದೆ, "ನಿನಗೋಸ್ಕರ ಕಣೇ" ಅಂದಳು. ಆ ಮಾತೂ ನನ್ನ ಮೇಲೆಯೇ ಬಂದು ಬಿತ್ತು.

ನನ್ನ ರಜೆ ಮುಗಿಯುವುದರೊಳಗೆ ಅಂಬಿಗನನ್ನು ಬಿಡಿಸಿದ ಆರ್ಡರ್ ಬಂತು. ಅಂದು ಬೆಳಿಗ್ಗೆ ಕಡವಿಗೆ ಹೋದೆ. ಅವನು ದಡಕ್ಕೆ ಎಳೆದ ದೋಣಿಯ ಪಕ್ಕದಲ್ಲಿ ಕೂತು ಬಾಚಿಯಿಂದ ಬಿಳಿ ಗೆರೆಯನ್ನು ಹೆರೆಯುತ್ತಿದ್ದ. ಕಿತ್ತ ತಾಮ್ರದ ಮೊಳೆಗಳು ಮರಳಿನ ಮೇಲೆ ಬಿದ್ದಿದ್ದವು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಇದ್ನೂ ಬರ್ಕಳಿ ಚಿಕ್ಕಮ್ಮೋರೆ ನಿಮ್ ಇಂಗ್ಲೀಸ್ನಾಗೆ. ಅಂಬಿಗ ಗೆರೆ ಅಳಿಸ್ದ ಅಂತ."

ಹೆರೆದು ಮುಗಿಸಿ ಕೇಳಿದ: "ಒಂದ್ ಮಾತು. ಅವತ್ತು ಬಂದು ಯೋಳುದ್ರಲ್ಲ, ಅದು ದಿಟ ಅಂತ್ಲೇ ಯೋಳುದ್ರಾ?"

"ದಿಟ ಅಂದುಕೊಂಡೇ ಹೇಳಿದೆ ತಾತ."

"ಊಂ" ಅಂದ. "ನಾನೂವೆ ದಿಟ ಅಂದ್ಕಂಡೇ ಕೇಳ್ದೆ." ಬಾಚಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅರಕಲಗೂಡಿನ ಆಚೆ ಮಗಳ ಊರಿಗೆ ಕೂಲಿಗೆ ಹೋದನೆಂದು ಆಮೇಲೆ ಕೇಳಿದೆ.

ಹೊಸ ಗೆರೆಯನ್ನು ಬೇಸಿಗೆಯಲ್ಲಿ ‘ಡ್ಯೂ ಟೆಸ್ಟ್’ ಮಾಡಿ ಹಾಕತಕ್ಕದ್ದೆಂದು ಫೈಲಿನಲ್ಲಿ ಬರೆದರು. ಅಲ್ಲಿಯವರೆಗೆ ದೋಣಿ ಗೆರೆಯಿಲ್ಲದೆ ಓಡಾಡಿತು, ಗುತ್ತಿಗೆದಾರರ ಊರಿನ ಬೇರೊಬ್ಬ ಅಂಬಿಗನ ಕೈಯಲ್ಲಿ. ಅಪ್ಪನಿಗೆ ಹಾಸನಕ್ಕೆ ವರ್ಗವಾಯಿತು. ಆ ಆರ್ಡರಿನ ಸುದ್ದಿ ಬೋರ್ಡಿಂಗಿಗೆ ಬಂದಾಗ ಗೆಳತಿಯರು ನನ್ನನ್ನು ತಬ್ಬಿಕೊಂಡರು. ನಾಲ್ಕು ವರ್ಷ ನಾನು ಬೇಡಿದ್ದು ಅದನ್ನೇ ಅಲ್ಲವೇ.

ಕ್ರಿಸ್‌ಮಸ್ ರಜೆಯಲ್ಲಿ ಸಾಮಾನು ಸಾಗಿಸಿದೆವು. ಆಚೆ ದಡದಲ್ಲಿ ಗುತ್ತಿಗೆದಾರರು ಕಳಿಸಿದ ಲಾರಿ ನಿಂತಿತ್ತು. ಮಂಚ, ಬೀರು, ಅಕ್ಕಿ ಮೂಟೆ, ಒರಳುಕಲ್ಲು, ಒಂದೊಂದೇ ದೋಣಿಗೇರಿದವು. ಅವ್ವ, ನಾನು ಹತ್ತಿ ಕೂತೆವು. ಅಪ್ಪ ಮೊಳಕಾಲುದ್ದ ನೀರಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು, ದೋಣಿಯ ಪಕ್ಕದಲ್ಲಿ ನಿಂತಿದ್ದರು. ಹಲಗೆಯ ಮೇಲೆ ಅವರ ಹೆಬ್ಬೆರಳು ಆಡುತ್ತಿತ್ತು. ಹೆರೆದು ಬರಿದಾದ ಮರದ ಮೇಲೆ ಕೆಳಕ್ಕೆ, ಇನ್ನೂ ನಾಲ್ಕು ಬೆರಳು ಕೆಳಕ್ಕೆ ಇಳಿಯಿತು. ಮೇಣ ತುಂಬಿದ ಹಳೆಯ ತೂತಿನ ಮೇಲೆ ನಿಂತಿತು. ತಡಕಾಡಲಿಲ್ಲ, ನೇರವಾಗಿ ಅಲ್ಲಿಗೇ ಹೋಯಿತು. ನೀರು ಬಂದು ಹೆಬ್ಬೆರಳನ್ನು ಮುಟ್ಟಿದ ಕೂಡಲೇ ಅಪ್ಪ ಇನ್ನೊಂದು ಕೈ ಮೇಲಕ್ಕೆತ್ತಿದರು.

"ಸಾಕು. ನಿಲ್ಲಿಸಿ. ಮಿಕ್ಕಿದ್ದು ಇನ್ನೊಂದು ಸಲಕ್ಕೆ."

"ಇನ್ನೂ ಬೇಕಾದಂಗ್ ಜಾಗ ಅದೆ ಸಾ," ಅಂದ ಹೊಸ ಅಂಬಿಗ. "ಒಂದೇ ಸಲಕ್ಕೆ ಓಯ್ತದೆ. ಕಾಯಿ ಇದರ ಎಲ್ಡರಷ್ಟು ಏರ್ತೀವಿ."

"ಬೇಡ ಅಂದೆನಲ್ಲಯ್ಯ. ನನ್ನ ಮಗಳು ಕೂತಿದಾಳೆ."

ಅಷ್ಟು ಹೇಳಿ ಅಪ್ಪ ನನ್ನನ್ನು ನೋಡಿ ನಕ್ಕರು. ನಾನು ಎದ್ದೆ. ಫ್ರಾಕು ಎತ್ತಿ ಹಿಡಿದು, ಶೂಸ್ ಹಾಕಿದ ಕಾಲಲ್ಲೇ ನೀರಿಗೆ ಇಳಿದು ದಡಕ್ಕೆ ನಡೆದೆ. "ಯಾಕೆ ಮಗಾ, ಏನಾಯ್ತು?" ಎಂದು ಅವರು ಹಿಂದಿನಿಂದ ಕೇಳುತ್ತಲೇ ಇದ್ದರು. ಏನೂ ಇಲ್ಲ, ಸಾಮಾನಿನ ಜೊತೆ ಎರಡನೇ ಸಲಕ್ಕೆ ಬರುತ್ತೇನೆ ಅಂದೆ.